ಬೆನ್ನು ಬಾಗಿದ ಮರಿಗಳು

ಹೊಂಡದಕೊಪ್ಪ, ಸವಣೂರು ತಾಲೂಕು
೨೪ ಜೂನ್ ೨೦೨೪

ಸಾಯಿಮಾ,

ನಾನು ಫೋನು ಎತ್ತುತ್ತಿಲ್ಲ ಎಂದು ನೀನು ಮುಖ ಊದಿಸಿಕೊಂಡು ಕೂತಿರುವುದು ಗೊತ್ತು. ಫೋನಿನಲ್ಲಿ ನನಗೆ ಅಳು ಬರುತ್ತದೆ, ನಿನಗೆ ಉಪದೇಶ ಬರುತ್ತದೆ, ಕಡೆಗೆ ಜಗಳವೇ ಗತಿ. ಪತ್ರದಲ್ಲಾದರೆ ನಾನು ಹೇಳಿ ಮುಗಿಸುವ ತನಕ ನೀನು ನಡುವೆ ಬಾಯಿ ಹಾಕುವಂತಿಲ್ಲ. ಹಿರೇಕೆರೂರು ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಮ್ಮನವರು ಪಾಠ ನಿಲ್ಲಿಸಿ ಸ್ವಲ್ಪ ಕೇಳಿಸಿಕೊಳ್ಳಲಿ.

ನಮ್ಮ ಮೀನುಮರಿಗಳು ಸಾಯುತ್ತಿವೆ.

ಹೋದ ವರ್ಷ ನಮ್ಮ ಹೆಣ್ಣುಮಕ್ಕಳ ಮೀನು ಸಂಘದವರು ಕೆರೆಯಲ್ಲೇ ಬಟ್ಟೆಯ ಬಲೆ ಕಟ್ಟಿ ಮರಿ ಮಾಡಿಸಿದ್ದೆವಲ್ಲ, ಅರ್ಧ ಏಡಿಯ ಪಾಲಾದರೂ ಉಳಿದವು ಗಟ್ಟಿಮುಟ್ಟಾಗಿದ್ದವು. ಈ ಸಲ ಏಡಿಯ ಕಾಟ ಬೇಡವೆಂದು ದಂಡೆಯ ಮೇಲೆ ತಗಡಿನ ಶೆಡ್ಡು ಹಾಕಿ ಪ್ಲಾಸ್ಟಿಕ್ ಟಬ್ಬುಗಳನ್ನು ಸಾಲಾಗಿ ಇಟ್ಟೆವು. ಹಾನಗಲ್ಲಿನಿಂದ ತಂದ ಗೆಂಡೆ ಮೀನುಗಳು ನೀರುಬಳ್ಳಿಗೆ ಚೆನ್ನಾಗಿಯೇ ತತ್ತಿ ಅಂಟಿಸಿದವು. ತತ್ತಿಯೊಳಗೆ ಕಣ್ಣಿನ ಕಪ್ಪು ಚುಕ್ಕೆ ಮೂಡಿದ್ದನ್ನು ನಾನೇ ಭೂತಗನ್ನಡಿ ಹಿಡಿದು ನೋಡಿದೆ. ಆಮೇಲೆ ಅರ್ಧದಷ್ಟು ಒಡೆಯಲೇ ಇಲ್ಲ. ಒಡೆದವು ಕುಡುಗೋಲಿನ ಹಾಗೆ ಬಾಗಿ ಹೊರಬಂದವು. ಮುಂದೆ ಹೋಗಲು ಆಗದೆ ಇದ್ದಲ್ಲೇ ಗಿರಗಿರನೆ ಸುತ್ತುತ್ತವೆ, ತಳ ಸೇರುತ್ತವೆ, ಮುಗಿಯಿತು.

ಶೆಡ್ಡು ತೆರೆದ ದಿನ ನಿಮ್ಮಪ್ಪ ದಿಲಾವರ ಚಾಚಾ ಬಂದು ಎಷ್ಟು ಸಂಭ್ರಮಪಟ್ಟಿದ್ದರು ಗೊತ್ತೇನು? ತೋಟದಿಂದ ಹೊಸ ವೀಳ್ಯದೆಲೆಯ ಪೆಂಡಿ ತಂದರು, ಅದರ ಜೊತೆಗೆ ತೀರಿಹೋದ ನಿಮ್ಮ ಅಮ್ಮಿಯ ದೊಡ್ಡ ಹಂಡೆಯನ್ನೂ ಹೆಗಲ ಮೇಲೆ ಹೊತ್ತು ತಂದರು. "ಕೆರಿ ನೀರು ರಾಡಿ ಇರ್ತೈತಿ. ಇದರಾಗ ರಾತ್ರಿ ನಿಂದರಿಸಿ ತಿಳಿ ಮಾಡ್ರಿ, ಕೂಸುಗೋಳು ಸುದ್ದ ನೀರಾಗ ಹುಟ್ಟಲಿ" ಅಂದರು. ನಮ್ಮ ಅವ್ವ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಅವಳು ಸಣ್ಣವಳಿದ್ದಾಗ ಮೇಲಿನಿಂದ ಸುರಿದ ನೀರನ್ನು ಬೊಗಸೆಯೊಡ್ಡಿ ಕುಡಿದವಳು. ಬೇರೆಯವರ ಮನೆಯ ನೀರಿನ ಪಾತ್ರೆ ನಮ್ಮ ಕೈಗೆ ಬಂದದ್ದು ಅದೇ ಮೊದಲು.

ಈಗ ಆ ಶೆಡ್ಡಿಗೆ ಹೋಗಲು ಕಾಲು ಏಳುತ್ತಿಲ್ಲ. ಬರುವ ಬೇಸಿಗೆಯೊಳಗೆ ನಾವೇ ಮರಿ ಮಾಡಿ ಕೆರೆಗೆ ಬಿಟ್ಟದ್ದನ್ನು ತೋರಿಸದಿದ್ದರೆ ಕೆರೆ ಸಂಘದ ಕೈ ತಪ್ಪಿ ಹರಾಜಿಗೆ ಹೋಗುತ್ತದೆ. ಹರಾಜು ಎಂದರೆ ಗುತ್ತಿಗೆದಾರ ಫಕ್ಕೀರೇಶ, ಮತ್ಯಾರು? ಅವನು ಈಗಾಗಲೇ ದಿನಕ್ಕೊಮ್ಮೆ ಶೆಡ್ಡಿನ ಮುಂದೆ ಬೈಕು ನಿಲ್ಲಿಸಿ, "ಹೆಂಗೈತ್ರಿ ನಿಮ್ಮ ಬಾಣಂತನ?" ಎಂದು ಕೇಳಿ ಹೋಗುತ್ತಾನೆ.

ಏನು ಮಾಡಲಿ, ಹೇಳು. ಬೈದರೂ ಚಿಂತೆಯಿಲ್ಲ.

ನಿನ್ನ ಹಾಸ್ಟೆಲಿನ ತಲೆನೋವು,
ವಿದ್ಯಾಶ್ರೀ


ಹಿರೇಕೆರೂರು
೨ ಜುಲೈ ೨೦೨೪

ವಿದ್ಯಾ,

ಬೈಯುವುದಿಲ್ಲ. ಶಿಗ್ಗಾಂವಿಯಲ್ಲಿ ಓದುವಾಗ ಬೈದದ್ದೇ ಈ ಜನ್ಮಕ್ಕೆ ಸಾಕು.

ಕೆರೆಯಲ್ಲಿರುವ ದೊಡ್ಡ ಮೀನು ಹೇಗಿವೆ? ಅವು ಸಾಯುತ್ತಿಲ್ಲ, ಮರಿ ಮಾತ್ರ ಸಾಯುತ್ತಿವೆ ಎಂದರೆ ರೋಗಕ್ಕಿಂತ ನೀರಿನ ಮೇಲೆಯೇ ನನಗೆ ಅನುಮಾನ. ದೊಡ್ಡ ಮೀನು ತಡೆದುಕೊಳ್ಳುವುದನ್ನು ತತ್ತಿಯೊಳಗಿನ ಜೀವ ತಡೆದುಕೊಳ್ಳುವುದಿಲ್ಲ. ಅದಕ್ಕೆ ಇನ್ನೂ ಕಿವಿರು ಮೂಡಿರುವುದಿಲ್ಲ, ಉಪ್ಪು, ಉಸಿರು ಎಲ್ಲ ತೆಳು ಚರ್ಮದಿಂದಲೇ ನಡೆಯಬೇಕು. ಆ ಹೊತ್ತಿನಲ್ಲಿ ನೀರಿನಲ್ಲಿ ಏನಿದ್ದರೂ ಅದು ನೇರ ಒಳಗೆ ಹೋಗುತ್ತದೆ. ಬೆನ್ನು ನೆಟ್ಟಗಾಗುವುದೂ ಅದೇ ಹೊತ್ತಿನಲ್ಲಿ.

ಮರಿ ಸತ್ತ ನೀರನ್ನೇ ಒಂದು ಬಾಟಲಿ ತುಂಬಿಸಿ ಕಳಿಸು. ಬಾಟಲಿ ಹೊಸದಿರಲಿ. ಬಾಗಿದ ಮರಿ ಹತ್ತಿಪ್ಪತ್ತು ಬೇರೆ ಡಬ್ಬಿಯಲ್ಲಿರಲಿ. ಬಸ್ಸಿನವರ ಕೈಯಲ್ಲಿ ಕೊಟ್ಟರೆ ಶಿಗ್ಗಾಂವಿಯಲ್ಲಿ ಬಸ್ಸು ಬದಲಾಗಿ ಸಂಜೆಗೆ ನನಗೆ ಸಿಗುತ್ತದೆ. ಧಾರವಾಡದಲ್ಲಿ ಗುರುತಿನವರ ಪ್ರಯೋಗಾಲಯವಿದೆ, ಅಲ್ಲಿ ಲೋಹ ನೋಡಿಸುತ್ತೇನೆ.

ಅಬ್ಬಾ ಹೇಗಿದ್ದಾರೆ? ನನ್ನ ಹತ್ತಿರ "ಆರಾಮ ಇದ್ದೇನಿ" ಬಿಟ್ಟು ಬೇರೆ ಮಾತಿಲ್ಲ. ನಿನ್ನ ಹತ್ತಿರ ಮಾತ್ರ ಹಂಡೆ, ಎಲೆ, ಉಪನ್ಯಾಸ ಎಲ್ಲ ನಡೆಯುತ್ತದೆ.

ನಿನ್ನ
ಸಾಯಿಮಾ


ಹೊಂಡದಕೊಪ್ಪ
೯ ಜುಲೈ ೨೦೨೪

ಸಾಯಿಮಾ,

ಬಾಟಲಿ, ಡಬ್ಬಿ ಎರಡೂ ಈ ಪತ್ರದ ಜೊತೆಗಿವೆ. ಟಬ್ಬಿನಿಂದಲೇ ತುಂಬಿಸಿದ್ದೇನೆ. ಎರಡನೆಯ ಸಲ ಹಾಕಿದ ತತ್ತಿಯೂ ಹಾಗೇ ಆಯಿತು.

ಊರಿನಲ್ಲಿ ಗಾಳಿ ಕೆಟ್ಟಿದೆ. ಸಂಘದ ಅಧ್ಯಕ್ಷೆ ದುರಗವ್ವನ ಬಾಯಿ ನಿನಗೆ ಗೊತ್ತೇ ಇದೆ, ಮೊದಲೆರಡು ದಿನ ನನ್ನನ್ನೇ ಬೈದಳು. "ಓದಿದಾಕಿ ಅಂತ ನಿನ್ನ ಕೈಯಾಗ ಕೊಟ್ಟಿವಿ, ಓದಿದ್ದೆಲ್ಲ ಕೆರಿಗೆ ಹೋತಲ್ಲ" ಅಂದಳು. ಈಗ ಬೈಯುವುದನ್ನೂ ಬಿಟ್ಟಿದ್ದಾಳೆ, ಅದಕ್ಕೇ ಹೆದರಿಕೆ. ಯಾರೋ ನೀರಿಗೆ ಏನೋ ಹಾಕಿದ್ದಾರೆ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳುತ್ತಿದ್ದಾರೆ. ಅವ್ವನದು ಬೇರೆಯೇ ಚಿಂತೆ. ಶುದ್ಧ ಸಾಲದು, ಎಲ್ಲೋ ಮೈಲಿಗೆಯಾಗಿದೆ ಅನ್ನುತ್ತಾಳೆ. ಬುದ್ಧನ ಫೋಟೋದ ಮುಂದೆ ಕೂತು ಇದೇನು ಮೈಲಿಗೆಯ ಮಾತು ಎಂದು ಗದರಿಸಿದರೆ, "ಮಂದಿ ಅಂತಾರಲ್ಲ, ಇವರ ಕೈಗೆ ಹೋದದ್ದು ಹಿಂಗ ಆಕ್ಕೈತಿ ಅಂತ" ಎಂದಳು. ಅಂದಿನಿಂದ ಟಬ್ಬು, ಹಂಡೆ, ತಂಬಿಗೆ ಯಾವುದನ್ನೂ ಬಿಡದೆ ದಿನವೂ ತಿಕ್ಕುತ್ತಿದ್ದಾಳೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ನಿಮ್ಮ ಹಂಡೆಯಲ್ಲಿ ಈಗ ಮುಖ ನೋಡಿಕೊಂಡು ತಲೆ ಬಾಚಬಹುದು.

ಬೇಗ ಹೇಳು. ನನ್ನ ಹತ್ತಿರ ಉತ್ತರವಿಲ್ಲದ ದಿನ ಒಂದೊಂದೂ ಫಕ್ಕೀರೇಶನಿಗೆ ಲಾಭ.

ವಿದ್ಯಾ


ಹಿರೇಕೆರೂರು
೨೦ ಜುಲೈ ೨೦೨೪

ವಿದ್ಯಾ,

ಇದನ್ನು ಒಬ್ಬಳೇ ಇದ್ದಾಗ ಓದು.

ನೀರಿನಲ್ಲಿ ತಾಮ್ರವಿದೆ. ಮನುಷ್ಯರು ಕುಡಿದರೆ ಏನೂ ಆಗದಷ್ಟು, ಆದರೆ ಗೆಂಡೆಯ ತತ್ತಿಗೆ ಅದು ತೀರ ಹೆಚ್ಚು. ನೀನು ಕಳಿಸಿದ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬೆನ್ನು ಬಾಗಿದೆ, ಹೃದಯದ ಸುತ್ತ ನೀರು ತುಂಬಿದೆ, ಗಾಳಿಚೀಲ ಉಬ್ಬಿಯೇ ಇಲ್ಲ. ಗಾಳಿಚೀಲ ಉಬ್ಬದೆ ಮರಿ ಮೇಲೆ ತೇಲುವುದು ಹೇಗೆ? ಇದೆಲ್ಲ ತಾಮ್ರದ್ದೇ ಗುರುತು.

ನಿಮ್ಮ ಕೆರೆಯ ಮೇಲ್ಗಡೆ ತಾಮ್ರ ಬಳಸುವ ಜಾಗ ಒಂದೇ ಇದೆ. ಮಳೆಗಾಲದಲ್ಲಿ ಎಲೆಬಳ್ಳಿಗೆ ಕೊಳೆರೋಗ ಬರದಂತೆ ಮೈಲುತುತ್ತವನ್ನು ಸುಣ್ಣದಲ್ಲಿ ಕಲಸಿ ಹೊಡೆಯುತ್ತಾರೆ. ಆ ನೀಲಿ ಹರಳಿನಲ್ಲಿ ಇರುವುದು ತಾಮ್ರವೇ. ಹೊಡೆದ ಮೇಲೆ ಮಳೆ ಬಂದರೆ ತೋಟದ ನೀರು ಕಾಲುವೆಗೆ, ಕಾಲುವೆಯ ನೀರು ಕೆರೆಗೆ. ಆ ತೋಟ ಯಾರದೆಂದು ನಾನು ಬರೆಯಬೇಕಾಗಿಲ್ಲ. ಸಣ್ಣವಳಿದ್ದಾಗ ಆ ನೀಲಿ ನೀರು ಕಲಸಿದ ಅಬ್ಬಾನ ಬೆರಳು ಹಿಡಿದು ಮನೆಗೆ ಬರುತ್ತಿದ್ದವಳು ನಾನೇ.

ಸುಮ್ಮನಿರಬಹುದಿತ್ತು. ಏನೂ ಸಿಗಲಿಲ್ಲ ಎಂದು ಬರೆದಿದ್ದರೆ ನೀನು ನಂಬುತ್ತಿದ್ದೆ. ಹಾಗೆ ಬರೆಯಲು ಕೈ ಬರಲಿಲ್ಲ.

ಒಂದೇ ಬೇಡಿಕೆ. ನಾಳೆಯಲ್ಲ, ಮುಂದಿನ ಭಾನುವಾರ ನಾನೇ ಬಂದು ಅಬ್ಬಾನ ಜೊತೆ ಮಾತಾಡುತ್ತೇನೆ. ಅಲ್ಲಿಯವರೆಗೆ ಈ ಮಾತು ನಿನ್ನ ಬಾಯಿಂದ ಹೊರಗೆ ಹೋಗಬಾರದು. ಅವರಿಗೆ ಇದು ಊರಿನವರಿಂದ ತಿಳಿಯಬಾರದು, ನನ್ನಿಂದ ತಿಳಿಯಬೇಕು.

ಸಾಯಿಮಾ


ಹೊಂಡದಕೊಪ್ಪ
೨೯ ಜುಲೈ ೨೦೨೪

ಸಾಯಿಮಾ,

ನೀನು ಭಾನುವಾರ ಬಂದದ್ದು, ತೋಟದ ಬೇಲಿಯ ಹತ್ತಿರ ಚಪ್ಪಲಿ ಬಿಟ್ಟು ನಿಂತದ್ದು, ಒಳಗೆ ಹೋಗದೆ ಮತ್ತೆ ಮೆಟ್ಟಿಕೊಂಡು ಯಲವಿಗಿ ಸ್ಟೇಷನ್ನಿನ ಕಡೆ ನಡೆದದ್ದು ಎಲ್ಲ ನನಗೆ ಗೊತ್ತಾಯಿತು. ನನ್ನನ್ನು ನೋಡಲೂ ಇಲ್ಲ. ನೋಡಬೇಕು ಎಂದು ಹೇಳುವ ಮುಖ ನನಗೂ ಇಲ್ಲ. ಊರಿಗೆ ಕಾಲಿಟ್ಟ ಕೂಡಲೇ ಯಾರೋ ನಿನಗೆ ಹೇಳಿರಬೇಕು, ಆದರೂ ನಡೆದದ್ದನ್ನು ನನ್ನಿಂದ ಕೇಳು.

ಗುರುವಾರ ಸಂಘದ ಸಭೆ ಇತ್ತು. ಫಕ್ಕೀರೇಶ ಕರೆಯದೆ ಬಂದು ಬಾಗಿಲಿಗೆ ಒರಗಿ ನಿಂತು, "ಮೀನ ಸಾಕೂದಂದ್ರ ಹೆಣ್ಮಕ್ಕಳ ಕೆಲಸ ಅಲ್ರಿ. ತತ್ತಿನ ಇವರ ಕೈಯಾಗ ಕೊಳಿತಾವು" ಅಂದ. ಅವ್ವ ತಲೆ ತಗ್ಗಿಸಿದಳು. ಅವಳು ಹಾಗೆ ತಲೆ ತಗ್ಗಿಸಿದ್ದನ್ನು ನೋಡಲು ನನ್ನಿಂದ ಆಗಲಿಲ್ಲ. "ನಮ್ಮ ಕೈಯಾಗ ಏನೂ ಇಲ್ಲ, ನೀರಾಗ ತಾಮ್ರ ಐತಿ" ಅಂದುಬಿಟ್ಟೆ. ತಾಮ್ರ ಎಂಬ ಒಂದೇ ಮಾತು. ಮೈಲುತುತ್ತದ ಚೀಲ ಯಾರ ಗಾಡಿಯಲ್ಲಿ ಬರುತ್ತದೆಂದು ಗೊತ್ತಿಲ್ಲದವರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ.

ಸಂಜೆಯೊಳಗೆ ಮಾತು ಊರು ತಿರುಗಿತು. ದುರಗವ್ವ ನಾಲ್ಕು ಜನರನ್ನು ಕಟ್ಟಿಕೊಂಡು ತೋಟಕ್ಕೆ ಹೊರಟಳು. ನಾನು ಹಿಂದಿನಿಂದ ಓಡಿದೆ. ಅಷ್ಟರಲ್ಲಿ ಚಾಚಾ ತಾವೇ ಶೆಡ್ಡಿಗೆ ಬರುತ್ತಿದ್ದರು. ಒಳಗೆ ಹೋಗಿ ಟಬ್ಬಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮೂರನೆಯ ಸಲ ಒಡೆದು ಸುತ್ತುತ್ತಿದ್ದ ಮರಿಗಳನ್ನು ನೋಡುತ್ತಲೇ ಇದ್ದರು.

"ತಾಮ್ರ ಐತಿ ಅಂತ ಹೇಳಿದ್ದು ಯಾರು?" ಎಂದು ಕೇಳಿದರು.

"ಸಾಯಿಮಾ, ಚಾಚಾ."

"ಹಂಗಾರ ಖರೇನ ಇರ್ತೈತಿ. ಆಕಿ ಸುಳ್ಳು ಹೇಳೂ ಪೈಕಿ ಅಲ್ಲ." ಆಮೇಲೆ ದುರಗವ್ವನ ಕಡೆ ತಿರುಗಿ, "ಇವತ್ತಿನಿಂದ ತೋಟಕ್ಕ ಒಂದು ಹನಿ ಹೊಡಿಯೂದಿಲ್ಲ. ಹೋಗ್ರಿ" ಅಂದರು.

ಜಗಳಕ್ಕೆಂದು ಸೆರಗು ಕಟ್ಟಿ ಬಂದಿದ್ದ ದುರಗವ್ವ ಬಂದ ದಾರಿಗೆ ಸುಂಕವಿಲ್ಲದೆ ಹೋದಳು. ನನಗೆ ಮಾತ್ರ ಅವರು ನಾಲ್ಕು ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ನಾನು ಮಾತು ಉಳಿಸಿಕೊಳ್ಳಲಿಲ್ಲ. ಕ್ಷಮಿಸು ಎಂದು ಬರೆಯುವುದಿಲ್ಲ, ಅದು ನನಗೇ ಅಗ್ಗವಾಗಿ ಕಾಣುತ್ತಿದೆ.

ವಿದ್ಯಾಶ್ರೀ


ಹಿರೇಕೆರೂರು
೩ ಆಗಸ್ಟ್ ೨೦೨೪

ವಿದ್ಯಾಶ್ರೀ,

ನಿನ್ನ ಕೆರೆಗೆ ಒಳ್ಳೆಯದಾಗಲಿ.

ಅಬ್ಬಾ ಫೋನು ಎತ್ತುತ್ತಿಲ್ಲ. ಅವರು ನನ್ನನ್ನು ಬೈದಿದ್ದರೆ ನಾನೂ ತಿರುಗಿ ಏನಾದರೂ ಹೇಳುತ್ತಿದ್ದೆ. ಊರ ಮುಂದೆ ನನ್ನ ಮಾತು ಖರೇ ಅಂದುಬಿಟ್ಟರಲ್ಲ, ಅದನ್ನು ಎಲ್ಲಿ ಇಟ್ಟುಕೊಳ್ಳಲಿ?

ಸದ್ಯಕ್ಕೆ ಬರೆಯಬೇಡ.

ಸಾಯಿಮಾ


ಹೊಂಡದಕೊಪ್ಪ
೧೪ ಸೆಪ್ಟೆಂಬರ್ ೨೦೨೪

ಸಾಯಿಮಾ,

ಬರೆಯಬೇಡ ಅಂದಿದ್ದೆ. ಇಷ್ಟು ದಿನ ತಡೆದೆ, ಇನ್ನು ತಡೆಯುವುದಿಲ್ಲ. ಬೇಕಾದರೆ ಹರಿದುಹಾಕು, ಆದರೆ ಓದಿ ಹರಿ.

ನಿಮ್ಮ ತೋಟ ಹೋಯಿತು.

ಆಗಸ್ಟಿನ ಮಳೆ ನಿನಗೂ ಗೊತ್ತು, ಹಿಡಿದದ್ದು ಬಿಡಲಿಲ್ಲ. ಮೊದಲು ಎಲೆಯ ಅಂಚಿಗೆ ನೀರು ಹತ್ತಿದ ಹಾಗೆ ಕಪ್ಪು ಕಲೆ ಬಂತು, ಆಮೇಲೆ ಬಳ್ಳಿ ಬುಡದಿಂದಲೇ ಮೆತ್ತಗಾಯಿತು. ಚಾಚಾ ದಿನಾ ಹೋಗಿ ಕೊಳೆತದ್ದನ್ನು ಕಿತ್ತು ಹೊರಗೆ ಹಾಕುತ್ತಿದ್ದರು. ಮೈಲುತುತ್ತದ ಚೀಲ ಬಾಯಿ ಹೊಲಿದದ್ದು ಹೊಲಿದಂತೆಯೇ ಗುಡಿಸಲಿನ ಮೂಲೆಯಲ್ಲಿ ಕೂತಿತ್ತು. ನಾನು ಕೈ ಮುಗಿದೆ. ಚಾಚಾ, ಒಂದು ಸಲ ಹೊಡೆಯಿರಿ, ಕಾಲುವೆಗೆ ಅಡ್ಡ ಒಡ್ಡು ಹಾಕೋಣ ಅಂದೆ. "ಮಾತು ಕೊಟ್ಟೇನಿ" ಅಂದರು. ಇನ್ನೊಮ್ಮೆ ಹೇಳಿದೆ. "ಆ ಮರಿ ಸುತ್ತೂದು ಕಣ್ಣಾಗ ಐತವ್ವಾ" ಅಂದರು. ನಿನ್ನ ಮುತ್ತಜ್ಜ ಹಚ್ಚಿದ ತೋಟದಲ್ಲಿ ಈಗ ಬಾವಿಯ ಪಕ್ಕದ ಒಂದು ಸಾಲು ಉಳಿದಿದೆ. ಮಿಕ್ಕಲ್ಲೆಲ್ಲ ಬಳ್ಳಿ ಹಬ್ಬಿಸಿದ್ದ ನುಗ್ಗೆ, ಚೊಗಚೆ ಗಿಡಗಳು ಬರಿದಾಗಿ ನಿಂತಿವೆ. ತೋಟಕ್ಕೆ ಚಪ್ಪಲಿ ಮೆಟ್ಟಿ ಹೋಗಬಾರದು ಎಂದು ನಮ್ಮನ್ನು ಎಷ್ಟು ಸಲ ಗದರಿಸಿದ್ದರು. ಮೊನ್ನೆ ದನ ಒಳಗೆ ಹೊಕ್ಕಿದ್ದವು, ನೋಡಿಯೂ ಸುಮ್ಮನೆ ಕೂತಿದ್ದರು.

ಈಗ ಇನ್ನೊಂದು ಮಾತು ಕೇಳು. ಇದಕ್ಕಾಗಿಯೇ ಬರೆಯುತ್ತಿದ್ದೇನೆ. ಹೋದ ವಾರ ಮತ್ತೆ ತತ್ತಿ ಹಾಕಿಸಿದೆವು. ಏಳು ವಾರದಿಂದ ತೋಟಕ್ಕೆ ಒಂದು ಹನಿ ತುತ್ತ ಬಿದ್ದಿಲ್ಲ, ಕೆರೆ ಹೊಸ ಮಳೆಯ ನೀರಿನಿಂದ ಕೋಡಿ ಬಿದ್ದಿದೆ. ಅವ್ವ ಎಲ್ಲ ಪಾತ್ರೆಯನ್ನೂ ಎರಡೆರಡು ಸಲ ತೊಳೆದಳು. ಈ ಸಲ ಮರಿ ಆಗಲೇಬೇಕಿತ್ತು.

ಎಲ್ಲ ಬಾಗಿದವು, ಸಾಯಿಮಾ. ಮೊದಲಿಗಿಂತ ಹೆಚ್ಚು.

ಹಾಗಾದರೆ ಆ ತೋಟವನ್ನು ನಾವು ಯಾತಕ್ಕೆ ಕೊಂದೆವು?

ವಿದ್ಯಾ


ಹಿರೇಕೆರೂರು
೧೯ ಸೆಪ್ಟೆಂಬರ್ ೨೦೨೪

ವಿದ್ಯಾ,

ಹರಿಯಲಿಲ್ಲ.

ಮೂರು ಬಾಟಲಿ ಕಳಿಸು. ಒಂದು ಕೆರೆಯ ನಡುವಿನಿಂದ, ಒಂದು ತೋಟದ ಕಾಲುವೆಯಿಂದ, ಒಂದು ಟಬ್ಬಿನಿಂದ. ಯಾವುದು ಯಾವುದೆಂದು ಬಾಟಲಿಯ ಮೇಲೆ ಬರೆ. ಇದನ್ನು ನಾನು ಜುಲೈನಲ್ಲೇ ಕೇಳಬೇಕಿತ್ತು. ಮರಿ ಸತ್ತ ನೀರನ್ನಷ್ಟೇ ಕೇಳಿದೆ. ಅದರಲ್ಲಿ ತಾಮ್ರ ಸಿಕ್ಕ ಕೂಡಲೇ ನನ್ನ ಕಣ್ಣು ನೆಟ್ಟಗೆ ನೀಲಿ ಚೀಲದ ಮೇಲೆ ಹೋಯಿತು. ನಮ್ಮ ವಿದ್ಯಾರ್ಥಿ ಯಾರಾದರೂ ಹೀಗೆ ಮಾಡಿದ್ದರೆ ತರಗತಿಯಿಂದ ಆಚೆ ಕಳಿಸುತ್ತಿದ್ದೆ.

ಅಬ್ಬಾನಿಗೆ ಊಟ ಯಾರು ಕೊಡುತ್ತಿದ್ದಾರೆ? ಅದನ್ನೂ ಬರೆ.

ಸಾಯಿಮಾ


ಹಿರೇಕೆರೂರು
೬ ಅಕ್ಟೋಬರ್ ೨೦೨೪

ವಿದ್ಯಾ,

ಬಾಟಲಿಗಳೂ ನಿನ್ನ ಚೀಟಿಯೂ ಸಿಕ್ಕವು. ನಿಮ್ಮವ್ವ ದಿನಾ ಬುತ್ತಿ ಕಟ್ಟಿ ತೋಟಕ್ಕೆ ಹೋಗುತ್ತಾಳೆ ಎಂದು ಓದಿ ಸ್ವಲ್ಪ ಉಸಿರು ಬಂತು. ಈಗ ಬರೆಯುವುದನ್ನು ಓದಿದರೆ ನಿನ್ನ ಉಸಿರು ನಿಲ್ಲುತ್ತದೆ, ಗಟ್ಟಿಯಾಗು.

ಕೆರೆಯ ನೀರಿನಲ್ಲಿ ತಾಮ್ರ ಇಲ್ಲವೇ ಇಲ್ಲ ಎನ್ನಬಹುದು. ಕಾಲುವೆಯಲ್ಲಿ ತುಸು ಇದೆ, ಅದರಿಂದ ಮರಿ ಸಾಯುವುದಿಲ್ಲ. ಟಬ್ಬಿನ ನೀರಿನಲ್ಲಿ ಮಾತ್ರ ಜುಲೈನಲ್ಲಿ ಇದ್ದದ್ದಕ್ಕಿಂತ ಹೆಚ್ಚಿದೆ. ಕೆರೆಯ ನೀರು ಟಬ್ಬಿಗೆ ಬರುವ ದಾರಿಯಲ್ಲಿ ಏನಿದೆ ಎಂದು ಯೋಚಿಸಿದೆ. ನಿನ್ನ ಹಳೆಯ ಪತ್ರ ತೆಗೆದು ಓದಿದೆ.

ಹಂಡೆ.

ನಂಬಿಕೆ ಬರದೆ ಮನೆಯಲ್ಲೇ ಮಾಡಿ ನೋಡಿದೆ. ನಮ್ಮ ತಾಮ್ರದ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ರಾತ್ರಿ ನೀರು ತುಂಬಿಟ್ಟು, ಬೆಳಿಗ್ಗೆ ಆ ನೀರಿನಲ್ಲಿ ಹಾನಗಲ್ಲಿನಿಂದ ತಂದ ತತ್ತಿ ಹಾಕಿದೆ. ಪಕ್ಕದಲ್ಲಿ ಮಣ್ಣಿನ ಗಡಿಗೆಯ ನೀರಿನಲ್ಲೂ ಹಾಕಿದೆ. ಗಡಿಗೆಯವು ನೆಟ್ಟಗೆ ಬಂದವು. ತಂಬಿಗೆಯವು ಬಾಗಿದವು. ಹಳೆಯ ಹಂಡೆಗೆ ಕಟ್ಟಿದ ಕಪ್ಪು ಪದರ ಒಳಗಿನ ತಾಮ್ರವನ್ನು ಅಷ್ಟಿಷ್ಟು ತಡೆದಿರುತ್ತದೆ. ತಿಕ್ಕಿದಷ್ಟೂ ಅದು ಹೋಗಿ ಹೊಸ ತಾಮ್ರ ನೀರಿಗೆ ಬಿಡುತ್ತದೆ. ಆ ನೀರು ನಮಗೆ ಒಳ್ಳೆಯದೇ. ಕುಡಿದು ಬೆಳೆದವರೇ ನಾವು.

ತಾಮ್ರ ಎಂದು ಬರೆದವಳು ನಾನು. ಹಂಡೆಯಲ್ಲಿ ಮುಖ ಕಾಣುತ್ತದೆ ಎಂದು ಬರೆದವಳು ನೀನು. ಇಬ್ಬರಿಗೂ ಹೊಳೆಯಲಿಲ್ಲ. ಮೈಲುತುತ್ತವನ್ನು ವಿಷ ಎಂದುಕೊಂಡಿದ್ದೆವು. ಹಂಡೆ ಮನೆಯದಾಗಿತ್ತು, ಅಮ್ಮಿಯದಾಗಿತ್ತು.

ಇಷ್ಟರಿಂದ ತೋಟ ಪೂರ್ತಿ ನಿರ್ದೋಷಿ ಎಂದೂ ಹೇಳಲಾರೆ. ತುತ್ತ ಹೊಡೆದ ದಿನಗಳ ಕೆರೆಯ ನೀರನ್ನು ಯಾರೂ ಎತ್ತಿಟ್ಟಿಲ್ಲ. ಆದರೆ ನಿನ್ನ ಟಬ್ಬಿನ ಮರಿಗಳನ್ನು ಕೊಂದದ್ದು ತೋಟವಲ್ಲ. ಇದು ಖಚಿತ.

ಅಬ್ಬಾ ಫೋನು ಎತ್ತುವುದಿಲ್ಲ. ನೀನೇ ಹೋಗಿ ಹೇಳು. ಈ ಸಲ ಅವರಿಗೇ ಮೊದಲು.

ಸಾಯಿಮಾ


ಹೊಂಡದಕೊಪ್ಪ
೧೫ ಅಕ್ಟೋಬರ್ ೨೦೨೪

ಸಾಯಿಮಾ,

ಹೋಗಿದ್ದೆ. ಬಳ್ಳಿಯಿಲ್ಲದ ತೋಟ, ಆದರೂ ಬೇಲಿಯ ಹತ್ತಿರ ಚಪ್ಪಲಿ ಬಿಟ್ಟೇ ಒಳಗೆ ಹೋದೆ. ಚಾಚಾ ಅದನ್ನು ನೋಡಿದರು. ನಿನ್ನ ಪತ್ರವನ್ನು ಪೂರ್ತಿ ಓದಿ ಹೇಳಿದೆ.

ಅವರು ಎದ್ದು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ. ಕಡೆಗೆ, "ಹಂಡೆ ತಂದು ಕೊಟ್ಟಾಂವ ನಾನ" ಅಂದರು. ಮತ್ತೆ, "ತಿಕ್ಕಿದಾಕಿ ಅಡಿವೆವ್ವ" ಎಂದು ನಮ್ಮ ಅವ್ವನ ಹೆಸರು ಹೇಳಿದರು. ಆಮೇಲೆ ನನ್ನ ಮುಖ ನೋಡಿ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

"ಆಕಿಗೆ ಹೇಳಬ್ಯಾಡ. ತೋಟ ಹೆಂಗೂ ಹೋಗೇತಿ, ಅಪವಾದ ತೋಟದ ಮ್ಯಾಲ ಇರವಲ್ಲದ್ಯಾಕ. ಆಕಿ ಕೈಲೆ ಸತ್ತು ಅಂತ ಗೊತ್ತಾದ್ರ ಆಕಿ ಮತ್ತ ಯಾರ ಮನಿ ಪಾತ್ರೇನೂ ಮುಟ್ಟೂದಿಲ್ಲ."

ಸಾಯಿಮಾ, ಆ ಹಂಡೆಯನ್ನು ಅವ್ವ ಯಾಕೆ ಅಷ್ಟು ತಿಕ್ಕಿದಳೆಂದು ಅವರಿಗೆ ಗೊತ್ತಿದೆ. ನಾನು ಹೇಳಿರಲಿಲ್ಲ. ಕಪ್ಪು ಕಲೆ ಉಳಿದರೆ "ಇವರಿಗೆ ಕೊಟ್ಟರ ಹಿಂಗ" ಎಂದು ಯಾರಾದರೂ ಅಂದಾರು ಎಂಬ ಹೆದರಿಕೆಯಿಂದ ಅವಳು ಉಗುರು ಸವೆಯುವ ತನಕ ತಿಕ್ಕಿದ್ದು. ಅವರು ಅದನ್ನು ನೋಡಿಯೇ ತಿಳಿದಿದ್ದಾರೆ.

ಈಗ ಹೇಳು. ಹೇಳದಿದ್ದರೆ ನಿಮ್ಮಪ್ಪ ಊರಿನ ಬಾಯಲ್ಲಿ ಕೆರೆಗೆ ವಿಷ ಬಿಟ್ಟವರಾಗಿಯೇ ಉಳಿಯುತ್ತಾರೆ. ಹೇಳಿದರೆ ಅವ್ವ ಮುರಿಯುತ್ತಾಳೆ. ಹಂಡೆಯನ್ನು ಸುಮ್ಮನೆ ಎತ್ತಿಟ್ಟು ಸಿಮೆಂಟಿನ ತೊಟ್ಟಿಯಲ್ಲಿ ನೀರು ತಿಳಿ ಮಾಡಿದರೆ ಮರಿ ಆಗುತ್ತವೆ, ಕೆರೆ ಉಳಿಯುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅದೇ ನನ್ನನ್ನು ತಿನ್ನುತ್ತಿದೆ.

ವಿದ್ಯಾ


ಹಿರೇಕೆರೂರು
೨೧ ಅಕ್ಟೋಬರ್ ೨೦೨೪

ವಿದ್ಯಾ,

ನಾನು ಹೇಳು ಎಂದರೆ ಅಪ್ಪನ ಪಕ್ಷ ವಹಿಸಿದೆ ಅನ್ನುತ್ತಿ. ಹೇಳಬೇಡ ಎಂದರೆ ಅಬ್ಬಾನಿಗೆ ಇನ್ನೊಮ್ಮೆ ಅನ್ಯಾಯ ಮಾಡಿದ ಹಾಗೆ. ನನ್ನನ್ನು ಕೇಳಬೇಡ.

ಒಂದು ಮಾತ್ರ ಬರೆಯುತ್ತೇನೆ. ಜುಲೈನಲ್ಲಿ ನಾನು ಅಬ್ಬಾನನ್ನು ಕೇಳದೆ ಅವರ ಬಗ್ಗೆ ತೀರ್ಮಾನ ಮಾಡಿದೆ. ಈಗ ನಾವು ಮೂವರೂ ಸೇರಿ ನಿಮ್ಮವ್ವನನ್ನು ಕೇಳದೆ ಅವಳ ಬಗ್ಗೆ ತೀರ್ಮಾನ ಮಾಡುತ್ತಿದ್ದೇವೆ. ಅವಳು ಮುರಿಯುತ್ತಾಳೆ ಎಂದು ನಮಗೆ ಹೇಳಿದವರು ಯಾರು?

ಸಾಯಿಮಾ


ಹೊಂಡದಕೊಪ್ಪ
೧೨ ಫೆಬ್ರುವರಿ ೨೦೨೫

ಸಾಯಿಮಾ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಾದರೂ ಇರಲಿ ಎಂದು ಕಾಯುತ್ತಿದ್ದೆ.

ನಿನ್ನ ಪತ್ರ ಬಂದ ವಾರವೇ ಅವ್ವನಿಗೆ ಹೇಳಿದೆ. ಅವಳು ಹಂಡೆ ಬೋರಲು ಹಾಕಿ ತಿಕ್ಕುತ್ತ ಕೂತಿದ್ದಳು. ಕೈ ನಿಂತಿತು. ಎರಡು ದಿನ ತಾನು ಒಲೆಯ ಹತ್ತಿರ ಹೋಗಲಿಲ್ಲ, ಚಾಚಾನ ಬುತ್ತಿಗೆ ಮಾತ್ರ ನನ್ನಿಂದ ರೊಟ್ಟಿ ಮಾಡಿಸಿ ತಪ್ಪದೆ ಕಳಿಸಿದಳು. ನಾನು ತಪ್ಪು ಮಾಡಿದೆ ಎಂದುಕೊಂಡೆ. ಮೂರನೆಯ ದಿನ ಸಂಘದ ಸಭೆಗೆ ಬಂದು, ಎಂದೂ ಬಾಯಿ ತೆರೆಯದವಳು ಎದ್ದು ನಿಂತಳು. ಫಕ್ಕೀರೇಶ ಅಂದೂ ಬಾಗಿಲಿಗೆ ಒರಗಿದ್ದ.

"ಮರಿ ಸತ್ತದ್ದು ತೋಟದ ನೀರಿಲೆ ಅಲ್ಲ, ನಾ ತಿಕ್ಕಿದ ಹಂಡೆಲೆ. ಗೊತ್ತಿರಲಿಲ್ಲ, ತಿಕ್ಕಿನಿ. ಆ ಮನಿಶ್ಯಾ ಗೊತ್ತಾದ ಮ್ಯಾಲೂ ನನ್ನ ಹೆಸರು ಹೇಳಬ್ಯಾಡ ಅಂದಾನ. ತೋಟದ ಹೆಸರು ನನ್ನ ಕೈಲೆ ಕೆಟ್ಟೈತಿ, ನನ್ನ ಬಾಯಿಲೆ ತೊಳಿತೇನಿ. ಯಾರರ ಏನರ ಅನ್ನೂದಿದ್ರ ಇಲ್ಲೇ ಅನ್ರಿ, ಕೇಳಾಕ ನಿಂತೇನಿ" ಅಂದಳು.

ಫಕ್ಕೀರೇಶ ಏನೋ ಅನ್ನಲು ಹೋದ. ದುರಗವ್ವ, "ನಿನ್ನ ಬೈಕಿಗೆ ಬಿಸಲು ಬಡಿಯಾಕತ್ತೈತಿ ನೋಡು" ಅಂದಳು. ಅವನು ಹೋದ ಮೇಲೆ ಆ ಬಾಯಿಬಡಕಿ ಅಳುತ್ತ ಕೂತಳು. ಮರುದಿನ ಬೆಳಿಗ್ಗೆ ಸಂಘದವರೆಲ್ಲ ಹಾರೆ, ಬುಟ್ಟಿ ಹಿಡಿದು ತೋಟಕ್ಕೆ ಹೋದೆವು. ಬೇಲಿಯ ಹೊರಗೆ ಸಾಲಾಗಿ ಬಿದ್ದ ಚಪ್ಪಲಿ ನೋಡಿ ಚಾಚಾ ಗುಡಿಸಲಿನೊಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಾವಿಯ ಪಕ್ಕ ಉಳಿದಿದ್ದ ಸಾಲಿನಿಂದಲೇ ತುಂಡು ಮಾಡಿ ಹಚ್ಚಿದ್ದೇವೆ. ಎಲೆ ಕೊಯ್ಯಲು ವರ್ಷವಾದರೂ ಬೇಕು. ಹಂಡೆಯನ್ನು ಅವ್ವ ತಾನೇ ಹೊತ್ತುಕೊಂಡು ಹೋಗಿ ವಾಪಸ್ಸು ಕೊಟ್ಟಳು. ಈ ಸಲ ತಿಕ್ಕದೆ ಕೊಟ್ಟಳು.

ಇನ್ನು ಮರಿಗಳ ಸುದ್ದಿ. ಹೋದ ವಾರ ತೊಟ್ಟಿಯಲ್ಲಿ ತಿಳಿಯಾದ ನೀರಿಗೆ ತತ್ತಿ ಹಾಕಿದೆವು. ಒಡೆದವು. ಮೊದಲ ದಿನ ಟಬ್ಬಿನ ಗೋಡೆಗೆ ಅಂಟಿಕೊಂಡೇ ಇದ್ದವು, ನಾನು ಹೆದರಿ ಸತ್ತೆ. ಮೂರನೆಯ ದಿನ ಅವ್ವ ಒಳಗಿನಿಂದ ಕೂಗಿದಳು. ಹೋಗಿ ನೋಡಿದರೆ ಅಷ್ಟೂ ಮರಿಗಳು ಮೇಲೆದ್ದು ನೆಟ್ಟಗೆ ಈಜುತ್ತಿದ್ದವು. ಅವ್ವ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಈಗಲೂ ಯಾವುದನ್ನೂ ಮುಟ್ಟಲು ಹೆದರುತ್ತಾಳೆ. ನಾನೇ ಅವಳ ಕೈ ಹಿಡಿದು ನೀರಿಗೆ ಅದ್ದಿದೆ.

ಬೇಸಿಗೆಯೊಳಗೆ ಇವನ್ನು ಕೆರೆಗೆ ಬಿಡುತ್ತೇವೆ, ಕೆರೆ ಉಳಿಯಿತು. ನೀನು ಬಂದು ನೋಡುವ ತನಕ ನನಗೆ ಅದು ಪೂರ್ತಿ ಉಳಿದ ಹಾಗಲ್ಲ. ಇದರ ಜೊತೆ ಇನ್ನೊಂದು ಕಾಗದವಿದೆ. ಅಕ್ಷರ ನನ್ನದು, ಮಾತು ನನ್ನದಲ್ಲ.

ಬೈಗುಳಕ್ಕೆ ಕಾದಿರುವ
ವಿದ್ಯಾ


ತೋಟ, ಹೊಂಡದಕೊಪ್ಪ
೧೨ ಫೆಬ್ರುವರಿ ೨೦೨೫

ಸಾಯಿಮಾ ಬೇಟಿ,

ನನ್ನ ಉರ್ದು ಅಕ್ಷರ ನಿನಗ ಓದಾಕ ಬರೂದಿಲ್ಲ, ನಿನ್ನ ಕನ್ನಡ ನನಗ ಬರಿಯಾಕ ಬರೂದಿಲ್ಲ. ವಿದ್ಯಾ ಬರಿಯಾಕತ್ತಾಳ. ನಡುವ ತನ್ನ ಮಾತು ಸೇರಿಸಿದ್ರ ಗುರುತು ಹಿಡಿ.

ಫೋನು ಯಾಕ ಎತ್ತಲಿಲ್ಲ ಅಂತಿ. ಸಿಟ್ಟಿತ್ತು. ನೀ ತಾಮ್ರ ಐತಿ ಅಂದಿದ್ದಕ್ಕಲ್ಲ. ಇದ್ದದ್ದು ಇದ್ದಂಗ ಹೇಳಂತ ನಾನ ಕಲಿಸೇನಿ. ಬೇಲಿತನಕ ಬಂದು, ಚಪ್ಪಲಿ ಬಿಟ್ಟು, ಮತ್ತ ಮೆಟ್ಟಿಕೊಂಡು ಹೋದೆಲ್ಲ, ಅದಕ್ಕ ಸಿಟ್ಟು. ನಾ ಗುಡಿಸಲದಾಗಿಂದ ನೋಡಾಕತ್ತಿದ್ದೆ. ಒಳಗ ಬಂದಿದ್ರ ನಾಲ್ಕು ಬೈತಿದ್ದೆ, ಆಮ್ಯಾಲ ಚಾ ಕುಡಿತಿದ್ವಿ.

ಹೋದದ್ದು ಹೋತು. ನಿಮ್ಮ ಅಮ್ಮಿ ಹಂಡೆ ತಿರುಗಿ ಬಂದೈತಿ. ತುತ್ತ ಕಲಸಾಕ ಕಬ್ಬಣದ ಡಬ್ಬಿ ನಡಿಯೂದಿಲ್ಲ, ತಾಮ್ರದ್ದ ಬೇಕು. ಇನ್ನ ಅದು ತೋಟದಾಗ ಇರ್ತೈತಿ.

ಮಳಿಗಾಲಕ್ಕ ಎಳೆ ಬಳ್ಳಿಗೆ ತುತ್ತ ಹೊಡಿಯಾಕಬೇಕು, ಇಲ್ಲಂದ್ರ ಇವೂ ಉಳಿಯೂದಿಲ್ಲ. ಕಾಲಿವಿಗೆ ಅಡ್ಡ ಒಡ್ಡು ಹಾಕೇನಿ. ಆದರ ಅದು ಸಾಕೋ ಇಲ್ಲೋ ನನಗ ತಿಳಿಯೂದಿಲ್ಲ. ನೀ ವಿದ್ಯಾಗ ಬರೆದ ಕಾಗದ ಕೇಳೇನಿ. ಹೊಡಿಯೂ ದಿನದ ಕೆರಿ ನೀರು ಯಾರೂ ನೋಡಿಲ್ಲ ಅಂತ ಬರದಿ. ಆ ಮಾತು ಖರೇ ಐತಿ.

ಹೊಡಿಯೂ ದಿನ ನೀನ ಬಾ. ಬಾಟ್ಲಿ ತಗೊಂಡು ಬಾ. ಈ ಸಲ ನಾನ ತುಂಬಿಸಿ ಕೊಡ್ತೇನಿ.

ನಿನ್ನ ಅಬ್ಬಾ,
ದಿಲಾವರ